ಎಡಗಾಲಿಗೆ ಕಾಯುವ ನಗಾರಿ

ಮಿಸಾಯೆ ನಾಕೋವಾ ಎಂಥವಳು ಎಂದು ಕಬ್ಬಿನ ತೋಟದ ಕೂಲಿಗಳಿಗೆಂದು ಕಟ್ಟಿದ ನಮ್ಮ ಎಂಟನೇ ಕ್ಯಾಂಪಿನಲ್ಲಿ ಯಾರನ್ನೇ ಕೇಳಿ, ಮೊದಲು ಅವಳ ಬಾಯಿಯ ಸುದ್ದಿಯೇ ಬರುತ್ತದೆ. ಬಾಯಿ ಜೋರು, ಇಲ್ಲವೆನ್ನುವುದಿಲ್ಲ. ಆದರೆ ಅವಳ ಎಡಪಕ್ಕದ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಬಲಪಕ್ಕದ ಮನೆಗೆ ಹೋಗಿ, ಅಲ್ಲೇ ಮುದುಕಿಯಾದ ನಾನು ಅವಳ ಕೈಯಿಂದ ಶುರುಮಾಡುತ್ತೇನೆ. ಬೌದ್ಧ ಗುಡಿಯ ನಗಾರಿ ಬಾರಿಸುವ ಕೈ ಅದು. ಇಡೀ ಕುಣಿತದಲ್ಲಿ ಒಂದೇ ಒಂದು ಜಾಗದಲ್ಲಿ ಆ ಕೈ ಒಂದು ಏಟು ತಡೆದು ನಿಲ್ಲುತ್ತಿತ್ತು.

ನಾನು ಅಡೆಲೀನಾ. ನಮ್ಮಜ್ಜ ಪೋರ್ಚುಗೀಸರ ದ್ವೀಪದಿಂದ ಕಬ್ಬು ಕಡಿಯಲು ಬಂದವನು. ಅವನು ಬಿಟ್ಟುಹೋದ ಆಸ್ತಿಯೆಂದರೆ ಮಲಸಾಡ ಕರಿಯುವ ಒಂದು ಬಾಣಲೆ. ಆಗಸ್ಟ್ ತಿಂಗಳ ಬೋನ್ ಕುಣಿತದ ಸಂಜೆ ಗುಡಿಯ ಅಂಗಳದ ಮೂಲೆಯಲ್ಲಿ ಹಿಟ್ಟಿನುಂಡೆ ಕರಿದು, ಸಕ್ಕರೆಯಲ್ಲಿ ಹೊರಳಿಸಿ ಕೊಡುವವಳು ನಾನೇ. ಗುಡಿ ಜಪಾನಿನವರದು, ಬಾಣಲೆ ನಮ್ಮದು, ತಂತಿವಾದ್ಯದ ಮೇಳ ಫಿಲಿಪಿನೋಗಳದು. ಎಲ್ಲಕ್ಕಿಂತ ಮೊದಲು ಹೂಲಾ ಕುಣಿದು ಅಂಗಳ ಬಿಟ್ಟುಕೊಡುವವರು ಈ ನೆಲದವರೇ ಆದ ಹವಾಯಿಯ ಹೆಂಗಸರು. ತೋಟದ ಕಂಪನಿ ನಮ್ಮನ್ನೆಲ್ಲ ಜಾತಿಗೊಂದು ಸಾಲು ಮಾಡಿ ಬೇರೆ ಬೇರೆ ಇಟ್ಟಿತ್ತು; ಸಾಲುಗಳು ಕೂಡುವ ಮೂಲೆಯಲ್ಲಿದ್ದ ನಮ್ಮಂಥ ನಾಲ್ಕು ಮನೆ ಮಾತ್ರ ಬೆರೆತಿದ್ದವು. ಕಂಪನಿ ಮುಚ್ಚಿತು, ಸಾಲುಗಳು ಕಲಸಿಹೋದವು. ಈಗ ಆ ಒಂದು ಸಂಜೆ ಎಲ್ಲರೂ ಎಲ್ಲರದನ್ನೂ ಕುಣಿಯುತ್ತಾರೆ. ಸತ್ತವರು ಅಂದು ನೋಡಲು ಬರುತ್ತಾರೆಂದು ಜಪಾನಿನವರ ನಂಬಿಕೆ. ನನ್ನ ಗಂಡ ಇಗರ್ಜಿಯವನಾದರೂ ಬರುತ್ತಾನೆಂದೇ ನಾನು ತಿಳಿದಿದ್ದೇನೆ. ಮಲಸಾಡ ಕರಿಯುವ ಕಡೆಗೆ ಬಾರದೆ ಇರುವ ಜನ್ಮ ಅಲ್ಲ ಅದು.

ಮಿಸಾಯೆಯ ತಾಯಿ ಶಿಗೆನೊ. ಕೈಗೂಸಾಗಿದ್ದಾಗ ಹಡಗಿನಲ್ಲಿ ಬಂದವಳು. ಹರೆಯದಲ್ಲಿ ಕಬ್ಬಿನ ಬಂಡಿಯ ಚಕ್ರ ಅವಳ ಎಡಗಾಲಿನ ಮೇಲೆ ಹರಿಯಿತು. ಮೂಳೆ ಕೂಡಿಕೊಂಡಿತು, ನಡಿಗೆ ಕೂಡಿಕೊಳ್ಳಲಿಲ್ಲ. ಆದರೆ ತನ್ನ ತಾಯಿಯಿಂದ ಕಲಿತ ಬೋನ್ ಕುಣಿತ ಕ್ಯಾಂಪಿನಲ್ಲಿ ಅವಳೊಬ್ಬಳಿಗೇ ಪೂರ್ತಿ ಗೊತ್ತಿತ್ತು. ಮಕ್ಕಳಿಗೆಲ್ಲ ಅವಳೇ ಗುರು. ಮೂರು ಹೆಜ್ಜೆ ಮುಂದೆ, ಒಂದು ಚಪ್ಪಾಳೆ, ಅರ್ಧ ತಿರುವು, ಆಮೇಲೆ ಎಡಗಾಲು ಮುಂದಿಡಬೇಕು. ಶಿಗೆನೊ ಅಲ್ಲಿ ಎಡಗಾಲನ್ನು ಎಳೆದು ತರುತ್ತಿದ್ದಳು. ಭುಜ ಒಂದಿಷ್ಟು ಬಾಗುತ್ತಿತ್ತು, ಕೈ ತಾನಾಗಿ ಇಳಿಯುತ್ತಿತ್ತು. ಹಿಂದಿದ್ದ ನಾವೂ ಹಾಗೇ ಎಳೆದೆವು, ಹಾಗೇ ಬಾಗಿದೆವು. ಅದು ಕುಂಟು ಎಂದು ನಮಗೆ ಯಾರು ಹೇಳಬೇಕು? ಅದೇ ಕುಣಿತ ಎಂದುಕೊಂಡೆವು. ನಮ್ಮ ಮಕ್ಕಳಿಗೂ ಹಾಗೇ ಕಲಿಸಿದೆವು.

ನಾವು ಹುಟ್ಟುವ ಮೊದಲೇ ನಗಾರಿಗೆ ಬಂದವನು ಏಲಿಯಾ ನಾಕೋವಾ, ಆಗ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹವಾಯಿಯ ಹುಡುಗ. ಅವನ ತಾಯಿ ಹೂಲಾ ಕಲಿಸುವವಳು. ಅವಳ ಅಂಗಳದಲ್ಲಿ ಸೋರೆಬುರುಡೆ ಬಡಿಯುತ್ತ ಬೆಳೆದವನಿಗೆ ಅವಳು ಕಲಿಸಿದ್ದು ಒಂದೇ ಕಟ್ಟಳೆ: ಕುಣಿಯುವವಳ ಕಾಲು ನೆಲ ಮುಟ್ಟದೆ ಏಟು ಹಾಕಬಾರದು. ಬೌದ್ಧ ಗುಡಿಯ ಅಂಗಳದ ನಡುವೆ, ಕುಣಿಯುವವರು ಸುತ್ತುವ ನಗಾರಿಯ ಅಟ್ಟಣೆಯ ಮೇಲೂ ಅವನು ಅದನ್ನೇ ನಡೆಸಿದ. ಶಿಗೆನೊಳ ಎಡಗಾಲು ಬರುವ ತನಕ ಕೋಲನ್ನು ಮೇಲೆತ್ತಿ ಕಾದ. ಹಾಡುವವನು ಮೊದಮೊದಲು ಬೈದುಕೊಂಡ, ಆಮೇಲೆ ಅಲ್ಲಿಗೆ ಬಂದಾಗ ದನಿ ಎಳೆಯುವುದನ್ನು ಕಲಿತ. ಆ ವರ್ಷ ಅವಳು ಯಾರತ್ತ ನೋಡಿ ಕುಣಿಯುತ್ತಾಳೆ, ಅವನು ಯಾರ ಕಾಲು ನೋಡಿ ಬಾರಿಸುತ್ತಾನೆ ಎಂಬುದು ಎರಡೂ ಸಾಲುಗಳ ಹೆಂಗಸರಿಗೆ ಗೊತ್ತಾಗಿಹೋಯಿತು. ಎರಡೂ ಮನೆಯವರು ಮೂಗು ಮುರಿದರು. ಮದುವೆ ನಿಲ್ಲಲಿಲ್ಲ.

ಮಿಸಾಯೆಗೆ ಇಪ್ಪತ್ತು ದಾಟಿದ್ದಾಗ ಶಿಗೆನೊ ಎದೆನೋವಿನಿಂದ ಹೋದಳು. ಏಲಿಯಾ ಆಮೇಲೂ ಪ್ರತಿ ವರ್ಷ ಅದೇ ಜಾಗದಲ್ಲಿ ಕಾದ. ಅವನೂ ಹೋದಮೇಲೆ ಕೋಲು ಮಗಳ ಕೈಗೆ ಬಂತು. ಅಂದಿನಿಂದ ಅವಳು ಕೆಳಗಿಳಿದು ಕುಣಿದವಳಲ್ಲ. ಕಾರಣವನ್ನು ಒಮ್ಮೆ ನನ್ನ ಅಡುಗೆಮನೆಯಲ್ಲಿ, ಕೆಸುವಿನ ಗೆಡ್ಡೆಯ ಸಿಪ್ಪೆ ಕೆರೆಯುತ್ತ ಕೂತಾಗ ಹೇಳಿದಳು.

"ಅಮ್ಮನ ಮುಖ ಫೋಟೋದಲ್ಲಿದೆ ಕಣೆ ಅಡೇ. ದನಿ ಮರ್ತೇಹೋಯ್ತು, ಎಷ್ಟು ನೆನೆಸ್ಕೊಂಡ್ರೂ ಬರಲ್ಲ. ನಡಿಗೆ ಮಾತ್ರ ವರ್ಷಕ್ಕೊಂದ್ಸಲ ಸಿಗತ್ತೆ. ಮೇಲೆ ನಿಂತು ನೋಡಿದ್ರೆ ಸುತ್ತಲೂ ಅಮ್ಮನೇ ನಡೀತಾ ಇರ್ತಾಳೆ."

"ನಾನೂ ನಿಮ್ಮಮ್ಮನ ಹಾಗೆ ಕಾಣ್ತೀನೇನೇ?"

"ನೀನು? ನೀನು ಮೂಟೆ ಉರುಳ್ದಂಗೆ ಕಾಣ್ತೀಯ. ಆದ್ರೆ ಆ ಒಂದು ಹೆಜ್ಜೇಲಿ, ಹೌದು, ನೀನೂ ಅಮ್ಮನೇ."

ಹೀಗೆ ಹೇಳಿ ಗೆಡ್ಡೆಯನ್ನು ಸಿಪ್ಪೆ ಹೋಗಿ ತಿರುಳೂ ಹೋಗುವಷ್ಟು ಕೆರೆದಳು. ನಾನು ಇನ್ನೊಂದು ಗೆಡ್ಡೆಯನ್ನು ಅವಳ ಮುಂದೆ ಸರಿಸಿದೆ.

ತಕರಾರು ಬಂದದ್ದು ಹಿಲೋ ಪಟ್ಟಣದ ಹಬ್ಬದಿಂದ. ಅಲ್ಲಿ ಸುತ್ತಲಿನ ಊರುಗಳ ಮೇಳಗಳೆಲ್ಲ ಸೇರಿ ಒಂದೇ ದೊಡ್ಡ ಸುತ್ತಾಗಿ ಕುಣಿಯುತ್ತವೆ. ಹೋದ ವರ್ಷ ಮೊದಲ ಸಲ ನಮ್ಮವರೂ ಹೋದರು. ಆ ಹೆಜ್ಜೆ ಬಂದಾಗ ನಮ್ಮವರು ನಿಂತರು, ಮಿಕ್ಕವರು ನಡೆದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತಾಯಿತು. ಹಿಂದಿನವರು ಬಂದು ನಮ್ಮ ಬೆನ್ನಿಗೆ ಬಿದ್ದರು. ಯಾರದೋ ಬೀಸಣಿಗೆ ನನ್ನ ಕೂದಲಲ್ಲಿ ಸಿಕ್ಕಿಕೊಂಡಿತು. ಜನ ನಕ್ಕರು. ನಮ್ಮ ಗುಡಿಯ ಕಮಿಟಿಯವರಿಗೆ ಮುಖ ಎತ್ತಲಾಗಲಿಲ್ಲ.

ಈ ವರ್ಷ ಅವರು ಹೊನೊಲುಲುವಿನಿಂದ ಜಾಯ್ಲಿನ್ ಮೊರಿಶಿಗೆ ಎಂಬ ಹುಡುಗಿಯನ್ನು ಕರೆಸಿದರು. ಜಪಾನಿನಲ್ಲೇ ಇದ್ದು ಕುಣಿತ ಕಲಿತುಬಂದವಳು. ನನಗೆ ಅವಳನ್ನು ಕಂಡರೆ ಮೈ ಉರಿಯಬೇಕು ಎಂದುಕೊಂಡಿದ್ದೆ. ಆದರೆ ಬಂದ ದಿನವೇ ನಮ್ಮಂಥ ಮುದುಕಿಯರ ಮುಂದೆಲ್ಲ ತಲೆಬಾಗಿ, "ತಪ್ಪಾದ್ರೆ ಹೇಳಿ ಆಂಟಿ" ಎಂದಳು. ಅಂಥವರನ್ನು ಬೈಯುವುದು ಕಷ್ಟ.

ಅಭ್ಯಾಸದ ದಿನ ಆ ಜಾಗ ಬಂತು. ನಗಾರಿ ನಿಂತಿತು, ನಮ್ಮ ಕಾಲುಗಳು ಎಳೆದವು. ಜಾಯ್ಲಿನ್ ಕೈ ಎತ್ತಿದಳು.

"ಆಂಟಿ, ಇಲ್ಲಿ ಒಂದು ಏಟು ತಡ ಆಗ್ತಿದೆ."

"ತಡ ಅಲ್ಲ, ಕಾಯೋದು," ಎಂದಳು ಮಿಸಾಯೆ ಮೇಲಿನಿಂದ.

"ಯಾರಿಗೆ ಕಾಯೋದು ಆಂಟಿ? ನಗಾರಿ ಮುಂದೆ ಹೋಗ್ಬೇಕು, ಕಾಲು ಅದ್ರ ಹಿಂದೆ ಬರ್ಬೇಕು. ಅಲ್ಲಿ ಹಾಗೇ ಕಲಿಸ್ತಾರೆ."

ಎಲ್ಲರೂ ಮಿಸಾಯೆಯನ್ನೇ ನೋಡಿದೆವು. ಆ ಬಾಯಿ ಈಗ ತೆರೆಯುತ್ತದೆ, ಹುಡುಗಿ ಸಂಜೆಯ ವಿಮಾನ ಹತ್ತುತ್ತಾಳೆ ಎಂದು ನಾನು ಖುಷಿಯಿಂದ ಕಾದೆ. ಮಿಸಾಯೆ ಕೋಲಿನ ತುದಿಯನ್ನು ಸವರುತ್ತ, "ಸರಿ, ನೇರ ಬಾರಿಸ್ತೀನಿ" ಎಂದುಬಿಟ್ಟಳು.

ದಾರಿಯಲ್ಲಿ ನಾನು ಸುಮ್ಮನಿರಲಿಲ್ಲ. "ಏನೇ, ನಾಲಿಗೆ ಮನೇಲಿ ಬಿಟ್ಟು ಬಂದಿದ್ಯಾ? ಶಿಗೆನೊ ಕಾಲು ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ಏನಾಗ್ತಿತ್ತು? ಅಯ್ಯೋ ಪಾಪ ಕುಂಟಿ ಅಂತ ಕನಿಕರದಿಂದ ಎಳೀತಿದ್ರು. ಅಮ್ಮಂಗೆ ಕನಿಕರ ಅಂದ್ರೆ ಆಗ್ತಿರ್ಲಿಲ್ಲ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು: "ಮಕ್ಕಳು ಹಿಲೋದಲ್ಲಿ ನಗೆಪಾಟಲಾಗೋದು ಬೇಡ ಕಣೆ. ಇರೋರು ಮೊದಲು."

ಮಾತು ದೊಡ್ಡದೇ. ಆದರೆ ಅವತ್ತಿನಿಂದ ಅವಳು ಊಟ ಬಿಟ್ಟಳು. ಅವಳಿಗಿಷ್ಟದ ಶ್ಯಾವಿಗೆ ಸಾರು, ಸೈಮಿನ್, ಮಾಡಿ ಬೋಗುಣಿ ತುಂಬ ಕೊಟ್ಟು ಕಳಿಸಿದರೆ ಹಾಗೇ ತಣ್ಣಗೆ ವಾಪಸು ಬರುತ್ತಿತ್ತು. ತಾಯಿ ಎರಡನೇ ಸಲ ಸಾಯುತ್ತಿದ್ದಾಳೆ ಎಂದು ನನಗೆ ಅರ್ಥವಾಯಿತು. ನನ್ನ ಕೈಲಿ ಏನೂ ಇರಲಿಲ್ಲ.

ಬೋನ್ ಸಂಜೆ ಬಂತು. ಕಾಗದದ ಲಾಟೀನುಗಳಿಗೆ ದೀಪ ಬಂತು. ಹೂಲಾ ಮುಗಿಯಿತು, ಫಿಲಿಪಿನೋಗಳ ತಂತಿಮೇಳ ಮುಗಿಯಿತು. ಮಿಸಾಯೆ ಏಣಿ ಹತ್ತಿದಳು. ಕೆಲವು ವರ್ಷಗಳಿಂದ ಅವಳ ಬಲ ಮಂಡಿ ಕೆಟ್ಟಿದೆ, ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ ಬೇಕು. ಅಂದು ಬೈಯದೆ ಹತ್ತಿದಳು.

ಕೊಟ್ಟ ಮಾತಿನಂತೆ ನೇರ ಬಾರಿಸಿದಳು. ಸುತ್ತು ನೀರಿನಂತೆ ಹರಿಯಿತು. ಎಳೆಯರು ಒಂದು ತಿಂಗಳಲ್ಲಿ ಚೆನ್ನಾಗಿ ಕಲಿತಿದ್ದರು, ಹಳಬರು ಹಲ್ಲು ಕಚ್ಚಿ ಕಲಿತಿದ್ದರು. ಯಾರೂ ಎಳೆಯಲಿಲ್ಲ, ಯಾರೂ ಬಾಗಲಿಲ್ಲ. ನೋಡಲು ಚಂದವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಬಾಣಲೆಯ ಹಿಂದೆ ನಿಂತ ನನ್ನ ಎಡಗಾಲು ಮಾತ್ರ ಮೇಜಿನಡಿಯಲ್ಲಿ ಪ್ರತಿ ಸಲವೂ ತಡವಾಗಿ ಬಂತು. ಎರಡು ಮಲಸಾಡ ಕರಟಿದವು.

ಮೂರನೇ ಹಾಡು ಮುಗಿದಾಗ ಮಿಸಾಯೆ ಕೋಲು ಕೆಳಗಿಟ್ಟಳು. ಏಣಿ ಇಳಿದಳು. ಜಾಯ್ಲಿನ್ ಓಡಿಬಂದಳು.

"ಏನಾಯ್ತು ಆಂಟಿ? ಹುಷಾರಿಲ್ವಾ?"

"ನೀನು ಹತ್ತು. ನೀನು ಬಾರ್ಸು. ನಾನು ಕುಣೀತೀನಿ."

"ಈಗಲಾ? ಯಾಕೆ ಆಂಟಿ?"

"ಮೇಲಿಂದ ಯಾರೂ ಕಾಣ್ತಾ ಇಲ್ಲ," ಎಂದಳು ಮಿಸಾಯೆ. ಹುಡುಗಿಗೆ ಏನೂ ತಿಳಿಯಲಿಲ್ಲ. ಆದರೂ ಹತ್ತಿದಳು.

ಮಿಸಾಯೆ ಸುತ್ತಿನೊಳಗೆ ಸೇರಿದಳು. ನಾನು ಜಾಲರಿ ಸೌಟನ್ನು ಪಕ್ಕದವರ ಕೈಗೆ ತುರುಕಿ ಅವಳ ಹತ್ತಿರ ಹೋಗುವಷ್ಟರಲ್ಲಿ ಹಾಡು ಶುರುವಾಗಿತ್ತು. ಮೂರು ಹೆಜ್ಜೆ. ಚಪ್ಪಾಳೆ. ಅರ್ಧ ತಿರುವು. ಅವಳು ತಾಯಿಯ ಹಾಗೆ ಎಡಗಾಲು ಎಳೆಯಬೇಕೆಂದೇ ಇಳಿದಿದ್ದಳು. ಆದರೆ ಎಡಗಾಲು ಎಳೆಯಬೇಕಾದರೆ ಭಾರವನ್ನು ಬಲಗಾಲು ಹೊರಬೇಕು, ಅದೇ ಕೆಟ್ಟ ಮಂಡಿ. ಅದು ಕೈಕೊಟ್ಟಿತು. ಮಿಸಾಯೆ ಬಲಕ್ಕೆ ವಾಲಿ, ಕೈ ಗಾಳಿಯಲ್ಲಿ ಹಾಗೇ ಉಳಿದು, ನಿಂತುಬಿಟ್ಟಳು. ಬೀಳಲಿಲ್ಲ. ಮುಂದಕ್ಕೂ ಹೋಗಲಾಗಲಿಲ್ಲ.

ನಾನು ಅಟ್ಟಣೆ ನೋಡಿದೆ. ಜಾಯ್ಲಿನ್ ಕೋಲು ಎತ್ತಿದ್ದವಳು ಎತ್ತಿದಂತೆಯೇ ಇದ್ದಳು. ಕಣ್ಣು ಮಿಸಾಯೆಯ ಕಾಲಿನ ಮೇಲೆ. ಹಾಡುವ ಮುದುಕ ಹಳೆಯ ರೂಢಿಯಿಂದ ದನಿ ಎಳೆದ. ಮಿಸಾಯೆ ಭಾರವನ್ನೆಲ್ಲ ಎಡಗಾಲಿಗೆ ಬಿಟ್ಟು ಬಲಗಾಲನ್ನು ಎಳೆದು ತಂದು ನೆಲಕ್ಕಿಟ್ಟಳು. ಆಗ ಏಟು ಬಿತ್ತು. ಹೀಗೆ ಮಾಡು ಎಂದು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಮುಂದಿನ ಸುತ್ತಿಗೂ ಕಾದಳು, ಅದರ ಮುಂದಿನದಕ್ಕೂ ಕಾದಳು. ಏಲಿಯಾ ಮೊದಲ ಸಲ ಕಾದದ್ದೂ ಹೀಗೇ ಇರಬೇಕು ಎನ್ನಿಸಿ ನನಗೆ ಅಳು ಬಂತು. ಅಳುತ್ತಲೇ ಕುಣಿದೆ.

ಎಲ್ಲ ಮುಗಿದಮೇಲೆ ಮಿಸಾಯೆ ನನ್ನ ಮೇಜಿನ ಪಕ್ಕದ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಳು. ಜಾಯ್ಲಿನ್ ಬಂದು ಅವಳ ಕಾಲ ಬಳಿ ನೆಲದ ಮೇಲೆಯೇ ಕೂತಳು. ಇಬ್ಬರಿಗೂ ಬಿಸಿ ಮಲಸಾಡ ಕೊಟ್ಟೆ. ಶಿಗೆನೊಳ ಕಥೆಯನ್ನೂ ನಾನೇ ಹೇಳಿಬಿಟ್ಟೆ. ಮಿಸಾಯೆ ನನ್ನತ್ತ ಕಣ್ಣು ಬಿಟ್ಟಳು, ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ಹುಡುಗಿ ಬೆರಳಿಗಂಟಿದ ಸಕ್ಕರೆ ಒರೆಸಿಕೊಂಡಳು. "ಹಿಲೋದಲ್ಲಿ ನೇರ ಕುಣಿಯೋಣ ಆಂಟಿ. ಇಲ್ಲಿ ಬೇಡ," ಎಂದಳು.

ಮಿಸಾಯೆಗೆ ಬೇಕಾಗಿದ್ದದ್ದೇ ಬೇರೆ. "ಮೇಲಿಂದ ಕಾಣಿಸಿದ್ಲಾ?" ಎಂದು ಕೇಳಿದಳು.

"ನಿಮ್ಮಮ್ಮನಾ? ಕಾಣಿಸಿದ್ರು ಆಂಟಿ. ಕಾಲು ಎಳೀತಾ ಬಂದ್ರು."

"ಯಾವ ಕಾಲು?"

"ಬಲಗಾಲು."

"ಥೂ, ಅದು ನಾನು ಕಣೆ!" ಮಿಸಾಯೆ ನಕ್ಕಳು. ಗಲ್ಲದ ಮೇಲೆಲ್ಲ ಸಕ್ಕರೆ. "ಅಮ್ಮಂದು ಎಡಗಾಲು. ಅವಳು ಬರ್ಲಿಲ್ಲ ಬಿಡು." ನಗು ಅಲ್ಲಿಗೇ ನಿಂತಿತು.

ಜಾಯ್ಲಿನ್ ತಲೆಯೆತ್ತಿದಳು. "ಎಡಗಾಲಾ? ಅದು ನಿಮ್ಮ ಹಿಂದಿದ್ದೋರು ಆಂಟಿ. ನೀವು ನಿಂತ್ರಲ್ಲ, ಆಗ ಹಿಂದಿನೋರೆಲ್ಲ ಎಡಗಾಲು ಎಳೆದ್ರು. ಭುಜ ಹೀಗೆ ಬಾಗಿಸ್ಕೊಂಡು. ನಾನು ಬೇಡ ಅಂದಿದ್ದೆನಲ್ಲ, ಅದೇ ಹೆಜ್ಜೆ."

"ಎಲ್ರೂನಾ?"

"ಎಲ್ರೂ."

ಮಿಸಾಯೆ ಕೈಯಲ್ಲಿದ್ದ ಮಲಸಾಡವನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಹಂಗಾದ್ರೆ ನನ್ನ ಬೆನ್ನ ಹಿಂದೇನೇ ಇದ್ಲು," ಎಂದಳು.

ಹಾಗೆಂದು ಕುರ್ಚಿಯಲ್ಲೇ ಹೊರಳಿ ಅಂಗಳದ ಕಡೆ ನೋಡಿದಳು. ಅಲ್ಲಿ ಗಂಡಸರು ಲಾಟೀನುಗಳನ್ನು ಇಳಿಸುತ್ತಿದ್ದರು.