ಒಂದೇ ಹೆಬ್ಬೆಟ್ಟು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬೊರಿವಲಿಯ ನಮ್ಮ ಬಿಲ್ಡಿಂಗಿನವರಿಗೆಲ್ಲ ಅದು ಗೊತ್ತು. ಕಾಂದಿವಲಿಯ ಗೋಡೌನಿನವರಿಗೆ ಗೊತ್ತಾದದ್ದು ನಾನು ಅದನ್ನು ನಡೆಸುತ್ತಿದ್ದ ಗುತ್ತಿಗೆದಾರನ ಮುಖಕ್ಕೆ ಮಿಕ್ಸರ್ ಜಾರ್ ಬೀಸಿದ ದಿನ.

ಗಿರಾಕಿಗಳು ವಾಪಸ್ ಮಾಡಿದ ಮಿಕ್ಸರ್‌ಗಳು ಆ ಗೋಡೌನಿಗೆ ಬರುತ್ತಿದ್ದವು. ಬಿಚ್ಚಿ, ತೊಳೆದು, ಗಟ್ಟಿಯಿದ್ದ ಮೋಟಾರುಗಳನ್ನು ಮತ್ತೆ ಬಳಸಲು ಕಂಪನಿಗೆ ಕಳಿಸುವುದು ಕೆಲಸ. ನಾನು ತಪಾಸಣೆಯವಳು. ಯಾವ ಮೋಟಾರು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದೆಲ್ಲ ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಖಾತೆಯಲ್ಲಿ ದಾಖಲಾಗಬೇಕೆಂದು ಕಂಪನಿ ಹೊಸ ಪದ್ಧತಿ ತಂದಿತು. ಮಾಲು ಕೈಗೆ ಬಂದವನು ಯಂತ್ರದ ಮೇಲೆ ಬಲಗೈ ಹೆಬ್ಬೆಟ್ಟು ಒತ್ತಬೇಕು. ಮೊದಲ ದಿನ ನೋಂದಾಯಿಸಿದ ಬೆರಳು ಬಿಟ್ಟು ಬೇರೆಯದನ್ನು ಅದು ಒಪ್ಪುವುದಿಲ್ಲ. ಒಮ್ಮೆ ಒತ್ತಿದ್ದನ್ನು ಯಾರಪ್ಪನಿಂದಲೂ ಅಳಿಸಲಾಗದು. ಈ ದಂಧೆಯ ಗೋಡೌನುಗಳೆಲ್ಲ ಅದೇ ದಾಖಲೆ ನೋಡುತ್ತವೆ. ಅಲ್ಲಿ ಹೆಸರು ಕೆಟ್ಟವನಿಗೆ ಮತ್ತೆಲ್ಲೂ ಈ ಕೆಲಸ ಸಿಗುವುದಿಲ್ಲ.

ಪದ್ಧತಿ ತಂದವರು ನಮ್ಮ ಕೆಲಸಗಾರರ ಕೈ ನೋಡಿರಲಿಲ್ಲ. ವರ್ಷಗಟ್ಟಲೆ ಆ್ಯಸಿಡ್ ನೀರಿನಲ್ಲಿ ಭಾಗಗಳನ್ನು ತೊಳೆದು ಅವರ ಬೆರಳ ಗೆರೆಗಳೇ ಸವೆದುಹೋಗಿದ್ದವು. ಯಂತ್ರ ಯಾರನ್ನೂ ಗುರುತಿಸಲಿಲ್ಲ. ವಿಜಯಪುರದ ಕಡೆಯಿಂದ ಹೊಸದಾಗಿ ಬಂದಿದ್ದವನೊಬ್ಬನ ಹೆಬ್ಬೆಟ್ಟನ್ನು ಮಾತ್ರ ಹಿಡಿಯಿತು. ಎಲ್ಲರೂ ಅವನನ್ನೇ ಕರೆಯತೊಡಗಿದರು. ಅವನು ನಗುತ್ತ ಬಂದು ಎಲ್ಲರ ಪರವಾಗಿ ಒತ್ತುತ್ತಿದ್ದ, ಅವಸರವೆಂದು ಇಳಿಯದೆ ಮಾಲು ಒಯ್ಯುವ ಟೆಂಪೋ ಡ್ರೈವರನ ಪರವಾಗಿಯೂ. ಗುತ್ತಿಗೆದಾರನಿಗೆ ಇದೆಲ್ಲ ಗೊತ್ತಿತ್ತು. ಮಾಲು ಬೇಗ ಸಾಗಿದರೆ ಸಾಕಿತ್ತು ಅವನಿಗೆ.

“ನಾ ಹೆಬ್ಬಟ್ಟ ಒತ್ತಲಿಲ್ಲಂದ್ರ ಗೋಡೌನ್ ನಡಿಯೂದಿಲ್ರಿ ಅಕ್ಕಾರ,” ಎಂದು ನನ್ನೆದುರು ಜಂಬ ಕೊಚ್ಚುತ್ತಿದ್ದ.

ಒಂದು ಬೆಳಿಗ್ಗೆ ಕಂಪನಿಯಿಂದ ಫೋನು ಬಂತು. ಗಟ್ಟಿ ಮೋಟಾರುಗಳ ಬದಲು ಸುಟ್ಟ ಮೋಟಾರುಗಳು ಬಂದು ತಲುಪುತ್ತಿವೆ, ದಾಖಲೆಯ ಪ್ರಕಾರ ಎಲ್ಲವೂ ಒಬ್ಬನದೇ ಕೈಯಲ್ಲಿದ್ದವು ಎಂದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ. ಗುತ್ತಿಗೆದಾರ ಅವನ ಕೊರಳಪಟ್ಟಿ ಹಿಡಿದು ಎಳೆತಂದು, ಕಬ್ಬಿಣದ ಸಲಾಕೆಯಿಂದ ಬೆನ್ನಿಗೆ, ಮೊಣಕಾಲಿಗೆ ಬಾರಿಸಿದ.

“ಬೋಲ್ ಸಾಲೆ, ಕಿಸ್ಕೋ ಬೇಚಾ?”

“ಎಲ್ಲಾರ ಸಲುವಾಗಿ ಒತ್ತೀನ್ರಿ ಸೇಠ! ನಾ ಏನೂ ಮಾರಿಲ್ರಿ!”

ಅವನ ಬಾಯಿಂದ ರಕ್ತ ಸುರಿಯುತ್ತಿತ್ತು. ಅವನ ಬೆರಳಿನಿಂದಲೇ ದಿನ ದೂಡಿದವರು ಗೋಡೆಗಂಟಿ ನಿಂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೈಗೆ ಸಿಕ್ಕ ಸ್ಟೀಲ್ ಜಾರ್ ಬೀಸಿದೆ. ಗುತ್ತಿಗೆದಾರನ ಹುಬ್ಬು ಒಡೆಯಿತು. ಅವನ ಆಳುಗಳು ನನ್ನ ಜಡೆ ಹಿಡಿದು ನೆಲಕ್ಕೆ ಕೆಡವಿದರು, ಒಬ್ಬ ಹೊಟ್ಟೆಗೆ ಒದ್ದ. ಬಿದ್ದಲ್ಲಿಂದಲೇ ನೋಡಿದೆ. ಗುತ್ತಿಗೆದಾರ ಆ ವಿಜಯಪುರದವನ ಬಲಗೈಯನ್ನು ಮೇಜಿಗೆ ಅದುಮಿ ಹಿಡಿದು, ಮೋಟಾರು ಒಡೆಯುವ ಸುತ್ತಿಗೆಯಿಂದ ಹೆಬ್ಬೆಟ್ಟಿನ ಮೇಲೆ ಹೊಡೆದ. ಮತ್ತೆ ಹೊಡೆದ. ಮೂಳೆ ಪುಡಿಯಾದದ್ದು ನನಗೆ ಕೇಳಿಸಿತು.

ಪೊಲೀಸರು ಬಂದರು. ಮೋಟಾರು ಬದಲಿಸುತ್ತಿದ್ದವನು ಟೆಂಪೋ ಡ್ರೈವರ್, ದಾರಿಯಲ್ಲಿ ಗುಜರಿ ಅಂಗಡಿಗೆ ಮಾರುತ್ತಿದ್ದ ಎಂಬುದು ಕೆಲವೇ ದಿನಗಳಲ್ಲಿ ಬಯಲಾಯಿತು. ಗುತ್ತಿಗೆದಾರ ಜಾಮೀನಿನ ಮೇಲೆ ಹೊರಗೆ ಬಂದ. ಜಾರನ್ನು ಇನ್ನೂ ಜೋರಾಗಿ ಬೀಸಬೇಕಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ವಿಜಯಪುರದವನನ್ನು ನೋಡಲು ನಾನು ಆಸ್ಪತ್ರೆಗೆ ಹೋಗಿದ್ದ ದಿನ ಕಂಪನಿಯ ಅಧಿಕಾರಿಯೊಬ್ಬ ಅಲ್ಲಿಗೆ ಬಂದ. ಮಾಟುಂಗದಲ್ಲಿ ಬೆಳೆದ ಕನ್ನಡದ ಹುಡುಗ. ಕೈಮುಗಿದು ಕ್ಷಮೆ ಕೇಳಿದ.

“ಪುರಾನಾ ಎಂಟ್ರಿ ಡಿಲೀಟ್ ಆಗಲ್ಲ ಆಂಟಿ. ಅದರ ಕೆಳಗೆ ಹೊಸದು ಹಾಕ್ತೀವಿ, ಇವರದ್ದು ಗಲ್ತಿ ಇಲ್ಲ ಅಂತ. ಎಲ್ಲಾ ಗೋಡೌನ್‌ಗೂ ಕಾಣ್ಸತ್ತೆ. ಇವರು ಕನ್ಫರ್ಮ್ ಮಾಡಿದ್ರೆ ಬಸ್, ಸಾಕು.”

ನಮ್ಮವನ ಮುಖ ಅರಳಿತು. ಎದ್ದು ಕೂತ. ಹುಡುಗ ಚೀಲದಿಂದ ಯಂತ್ರ ತೆಗೆದು ಹಾಸಿಗೆಯ ಮೇಲಿಟ್ಟ. ಬ್ಯಾಂಡೇಜು ಸುತ್ತಿದ ಬಲಗೈ ಅದರತ್ತ ಹೋಗಿ ಅಲ್ಲೇ ನಿಂತಿತು. ಹೆಬ್ಬೆಟ್ಟನ್ನು ಡಾಕ್ಟರು ಕತ್ತರಿಸಿ ತೆಗೆದಾಗಿತ್ತು.

“ಬ್ಯಾರೆ ಬಟ್ಟ ನಡಿಯಂಗಿಲ್ಲೇನ್ರಿ?” ಎಂದು ಕೇಳಿದ.

ಹುಡುಗ ಇಲ್ಲವೆಂದು ತಲೆಯಾಡಿಸಿದ.