ನಸೀಮಾಳ ಹೇಸಿಗೆ

ಪ್ರಯೋಗಾಲಯದಲ್ಲಿ ಕತ್ತರಿ ಹಿಡಿಯುವ ಮೊದಲು ನಸೀಮಾ ದುಪಟ್ಟಾವನ್ನು ಮೂಗಿನ ಮೇಲೆ ಬಿಗಿದು ಕಟ್ಟಿ, ತಟ್ಟೆಯಲ್ಲಿದ್ದ ಕುರಿಯ ಯಕೃತ್ತಿಗೆ "ಥೂ ನಿನ್ನ!" ಎಂದು ಬೈಯುತ್ತಿದ್ದಳು. ಬೈದ ಮೇಲೆಯೇ ಕೈ ಹಾಕುವುದು. ನಡುವೆ ಓಕರಿಕೆ ಬಂದರೆ ಕತ್ತರಿ ಕೆಳಗಿಟ್ಟು, ಕಿಟಕಿಯತ್ತ ಮುಖ ಮಾಡಿ ನಿಂತು, ಅದು ಇಳಿದ ಮೇಲೆ ಮತ್ತೆ ಕೂರುತ್ತಿದ್ದಳು. ಕೊಪ್ಪಳದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವಳು, ಹುಳುಗಳ ಮೇಲೆಯೇ ಸಂಶೋಧನೆ ನಡೆಸಿದ್ದವಳು. ಆದರೂ ಹುಳು ಎಂದರೆ ಅವಳಷ್ಟು ಹೇಸುವವರನ್ನು ನಾನು ಕಂಡಿಲ್ಲ.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಇಬ್ಬರೂ ಸೇರಿ ಒಂದು ಬಾಡಿಗೆ ಮನೆ ಹಿಡಿದಿದ್ದೆವು. ನನ್ನದು ಯಲಬುರ್ಗಾ, ಮೊಟ್ಟೆಯೂ ಹೊಸಿಲು ದಾಟದ ಮನೆ. ಅವಳದು ಕುಷ್ಟಗಿ, ಸೋದರಮಾವನದು ಮಟನ್ ಅಂಗಡಿ. ನನಗಾಗಿ ಅವಳು ಮನೆಯಲ್ಲಿ ಮಾಂಸ ಬೇಯಿಸುತ್ತಿರಲಿಲ್ಲ. ಹಾಗಾಗಿ ಒಂದು ಭಾನುವಾರ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಹೊಸ ಸ್ಟೀಲ್ ಡಬ್ಬಿ ಕಂಡಾಗ, ಅವಳ ತಾಯಿ ಕಳಿಸಿದ ಸಿಹಿ ಇರಬೇಕೆಂದು ಮುಚ್ಚಳ ತೆಗೆದೆ. ಒಳಗೆ ಕಂದು ಬಣ್ಣದ ಮಾಂಸದ ತುಂಡು. ಅದರ ತುಂಬ ಸುಲಿದ ತಾಟಿನುಂಗಿನಂಥ ಬೆಳ್ಳನೆಯ ಗುಳ್ಳೆಗಳು. ಡಬ್ಬಿ ಅಲುಗಿದರೆ ಅವುಗಳೊಳಗಿನ ನೀರೂ ಅಲುಗುತ್ತಿತ್ತು. ಆ ಬೇಸಿಗೆಯಿಂದ ನಾನು ತಾಟಿನುಂಗು ತಿಂದಿಲ್ಲ.

"ನಸೀಮಾ! ಏನಿದು?"

ಬಚ್ಚಲಿನಿಂದ ಓಡಿ ಬಂದಳು. "ಅಯ್ಯ ಅಕ್ಕಾ, ಮುಟ್ಟಬ್ಯಾಡ್ರಿ! ಕಾಲೇಜಿನ ಫ್ರಿಜ್ ಕೆಟ್ಟೈತ್ರಿ. ಇವತ್ತೊಂದಿನ ಇಟ್ಟೀನಿ."

"ಮೊಸರಿನ ಬಾಜೂಕ?"

"ಮುಚ್ಚಳ ಬಿಗಿ ಐತ್ರಿ," ಎಂದವಳು ತಾನೇ ಮುಖ ಹಿಂಡಿದಳು. "ಖರೇ ಹೇಳಬೇಕಂದ್ರ, ಮುಂಜಾನಿಂದ ನಾನೂ ಆ ಮೊಸರು ಮುಟ್ಟಿಲ್ರಿ."

ಮೊಸರು ಚೆಲ್ಲಿದೆವು. ಡಬ್ಬಿ ಐಸ್ ಪೆಟ್ಟಿಗೆಯಲ್ಲಿ ಕೂತು ಕಾಲೇಜಿಗೆ ಹೋಯಿತು. ಸಂಜೆ ಬಾಗಿಲ ಕಟ್ಟೆಯ ಮೇಲೆ ಕೂತು, ನಾನು ಬೇಡವೆಂದರೂ ಬಿಡದೆ ಎಲ್ಲ ಹೇಳಿದಳು. ಅದೊಂದು ಚಪ್ಪಟೆ ಹುಳು. ನಾಯಿಯ ಕರುಳಿನಲ್ಲಿ ಅಕ್ಕಿಕಾಳಿನಷ್ಟೂ ಇಲ್ಲದೆ ಇರುತ್ತದೆ. ಅದರ ಮೊಟ್ಟೆ ನಾಯಿಯ ಹೇಲಿನೊಂದಿಗೆ ಹೊರಬಿದ್ದು, ಮೇವಿನಿಂದ ಕುರಿಯ ಹೊಟ್ಟೆಗೆ ಹೋಗುತ್ತದೆ. ತೊಳೆಯದ ಸೊಪ್ಪಿನಿಂದ, ನಾಯಿಯ ಮೈ ಸವರಿದ ಕೈಯಿಂದ ನಮ್ಮ ಹೊಟ್ಟೆಗೂ. ಒಳಗೆ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆಯಾಗಿ ವರ್ಷಗಟ್ಟಲೆ ಬೆಳೆಯುತ್ತದೆ. ಆ ನೀರಿನಲ್ಲಿ ಮರಳಿನಂತೆ ಕಾಣುವುದೆಲ್ಲ ಹುಳುವಿನ ತಲೆಗಳು. ಸತ್ತ ಕುರಿಯ ಗುಳ್ಳೆಯನ್ನು ನಾಯಿ ತಿಂದರೆ ಮತ್ತೆ ಮೊದಲಿನಿಂದ.

"ಅಷ್ಟು ವರ್ಷ ಒಳಗ ಕುಂತ್ರ ನಮ್ಮ ಮೈ ಸುಮ್ನ ಇರತೈತೇನು?" ನಾನು ಕೇಳಿದೆ.

"ಅದ ನೋಡ್ರಿ ನನ್ನ ಕೆಲಸ!" ಅವಳ ಕಣ್ಣುಗಳು ಹೊಳೆದವು. "ಜೀವಕೋಶದಾಗ ಉದ್ದನ ಆರ್‌ಎನ್‌ಎ ಇರತಾವ್ರಿ. ಡಿಎನ್‌ಎ ಹೇಳಿದ್ದನ್ನ ಹೊತ್ತು ತರತಾವ, ಅದರ ಪ್ರಕಾರ ಪ್ರೋಟೀನ್ ಆಗತೈತಿ. ಇನ್ನೊಂದು ಜಾತಿ, ಭಾಳ ಸಣ್ಣವು. ಅವು ತಾವು ಏನೂ ಕಟ್ಟಂಗಿಲ್ಲ. ಹೋಗಿ ಆ ಉದ್ದನದಕ್ಕ ಅಂಟಿಕೊಂಡು ಕೆಲಸ ನಿಲ್ಲಸ್ತಾವ. ಈ ಹೇಸಿ ಹುಳ ತನ್ನ ಸಣ್ಣ ಆರ್‌ಎನ್‌ಎನ ನಮ್ಮ ಮೈಯಾಗ ಬಿಡತೈತ್ರಿ. ನಮ್ಮನ್ನ ಕಾಯೋ ಕೋಶಗಳೂ ಅದರಿಂದ ಮೆತ್ತಗಾಗತಾವ ಅಂತ ಕಾಣತೈತಿ."

"ಥೂ!"

"ಥೂ ಅನ್ರಿ, ಆದ್ರ ಕೇಳ್ರಿ. ಅದರಾಗ ಕೆಲವು ಮನಷ್ಯಾರೊಳಗ ಇರೂದ ಇಲ್ಲ, ಹುಳದಾಗಷ್ಟ. ರಕ್ತದಾಗ ಅವು ಸಿಕ್ಕ್ರ, ಹೊಟ್ಟಿ ಊದೂಕಿಂತ ಮೊದ್ಲ ರೋಗ ಗೊತ್ತಾಗತೈತಿ."

ಅವಳ ಸಂಶೋಧನೆಯೆಲ್ಲ ಇಷ್ಟೇ. ಬೇರೆ ಊರಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಮಾರ್ಗದರ್ಶಕರು. ಗುಳ್ಳೆ ರೋಗಿಗಳ ರಕ್ತವನ್ನು ಅಲ್ಲಿಯ ಪ್ರಯೋಗಾಲಯಕ್ಕೆ ಒಯ್ದು ತಾನೇ ಪರೀಕ್ಷಿಸಿ ಬರುತ್ತಿದ್ದಳು.

ಅವಳೊಂದಿಗೆ ಊಟಕ್ಕೆ ಹೊರಗೆ ಹೋಗುವುದು ಶಿಕ್ಷೆ. ನಮಗೆ ರೂಢಿಯಾಗಿದ್ದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವಾಕೆ ಬಾಗಿಲಲ್ಲಿದ್ದ ನಾಯಿಯ ತಲೆ ಸವರಿ, ಅದೇ ಕೈಯನ್ನು ಹಿಟ್ಟಿಗೆ ಹಾಕಿದ್ದನ್ನು ಕಂಡಳು. ಎದ್ದು ಬಂದವಳು ಮತ್ತೆ ಆ ಬೀದಿಗೇ ಕಾಲಿಡಲಿಲ್ಲ. ಮನೆಯಲ್ಲಿ ಕೊತ್ತಂಬರಿಯನ್ನು ತೊಳೆದೂ ತೊಳೆದೂ ಘಮವೇ ಹೋಗಿಬಿಡುತ್ತಿತ್ತು. ನಾನು ನಕ್ಕರೆ ಅನ್ನುತ್ತಿದ್ದಳು: "ಹೇಸಿಗಿ ಇರಬೇಕ್ರಿ ಅಕ್ಕಾ. ಅದು ಹೋದ ದಿನ ನಾವು ಕೈ ತೊಳಿಯೂದು ಬಿಡತೀವಿ."

ಒಮ್ಮೆ ಕುಷ್ಟಗಿಗೆ ನನ್ನನ್ನೂ ಕರೆದುಕೊಂಡು ಹೋದಳು. ಮಾವ ಬಾಬುಮಿಯಾರ ಅಂಗಡಿಯ ಮುಂದೆ ನಾನು ಸೆರಗಿನಿಂದ ಮೂಗು ಮುಚ್ಚಿ ನಿಂತೆ. ನೊಣಗಳು, ಹಸಿ ರಕ್ತದ ಬೆಚ್ಚನೆಯ ವಾಸನೆ, ನಾಲಿಗೆ ಚಾಚಿ ಕೂತ ನಾಯಿಗಳು. ಬಾಬುಮಿಯಾ ಗುಳ್ಳೆ ತುಂಬಿದ ಒಂದು ಶ್ವಾಸಕೋಶವನ್ನು ಕೊಯ್ದು ನಾಯಿಗಳತ್ತ ಎಸೆದರು. ಗುಳ್ಳೆಯೊಂದು ಒಡೆದು ನೀರು ಸಿಡಿಯಿತು. ನಾಯಿಯೊಂದು ಅದನ್ನು ನೆಲದಿಂದ ನೆಕ್ಕತೊಡಗಿತು.

"ಮಾಮೂ, ಎಷ್ಟು ಸಲ ಹೇಳೀನಿ! ಅದನ್ನ ನಾಯಿಗೆ ಹಾಕಬ್ಯಾಡ್ರಿ."

"ನಮ್ಮಪ್ಪನೂ ಹಾಕತಿದ್ದ. ಮೂಕಪ್ರಾಣಿ, ತಿನ್ನಲಿ ಬಿಡು."

"ಅದ ನಾಯಿ ನಾಳೆ ನಿಮ್ಮ ಮೊಮ್ಮಕ್ಕಳ ಮಾರಿ ನೆಕ್ಕತೈತಿ!"

ಬಾಬುಮಿಯಾ ನಕ್ಕರು. ನಾಯಿ ಬಾಲ ಅಲ್ಲಾಡಿಸುತ್ತ ಬಂದು ನಸೀಮಾಳ ಕೈ ಮೂಸಿತು. ಅದರ ಒದ್ದೆ ಮೂತಿ ತಾಗಿದ್ದೇ ತಡ, ಅವಳು ಅಂಗಡಿಯ ಮೆಟ್ಟಿಲ ಮೇಲೆಯೇ ವಾಂತಿ ಮಾಡಿಕೊಂಡಳು. ಮಾಂಸಕ್ಕೆ ನಿಂತಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಅಂಗಡಿಗೆ ಸರಿದರು. ವಿಜ್ಞಾನ ಸೋತ ಕಡೆ ವಾಂತಿ ಗೆದ್ದಿತು. ಮುಂದಿನ ವಾರವೇ ಬಾಬುಮಿಯಾ ಅಂಗಡಿಯ ಹಿಂದೆ ಆಳದ ಗುಂಡಿ ತೋಡಿಸಿ, ಕೆಟ್ಟ ಮಾಂಸವನ್ನೆಲ್ಲ ಅದರಲ್ಲಿ ಹಾಕಿ ಸುಣ್ಣ ಚೆಲ್ಲತೊಡಗಿದರು. "ನನ್ನ ತಂಗಿ ಮಗಳು ಹಿಂಗ ನಾಕ ಸಲ ಬಂದ್ರ ನಾ ಅಂಗಡಿ ಮುಚ್ಚಬೇಕಾಗತೈತಿ," ಎಂದು ಸುತ್ತಲಿನವರಿಗೆ ಹೇಳುತ್ತಿದ್ದರಂತೆ.

ತಳಕಲ್‌ನ ಹನುಮವ್ವನ ವಿಷಯ ತಂದವಳು ನಾನೇ. ಕುರಿ ಸಾಕುವ ಮನೆಯಾಕೆ, ಯಲಬುರ್ಗಾದ ನಮ್ಮ ಮನೆಗೆ ಉಣ್ಣೆ ಕಂಬಳಿ ಕೊಡುತ್ತಿದ್ದವಳು. ಬಲಪಕ್ಕೆಯ ಕೆಳಗೆ ಗಟ್ಟಿ ಉಬ್ಬು ಬಂದು, ಸ್ಕ್ಯಾನಿಂಗ್‌ನಲ್ಲಿ ಯಕೃತ್ತಿನ ಗುಳ್ಳೆ ಎಂದು ತಿಳಿದಿತ್ತು. ನಾವು ಹೋದಾಗ ಅವಳ ನಾಯಿ ಮನೆಯವರು ಉಂಡ ತಾಟುಗಳನ್ನು ನೆಕ್ಕುತ್ತ ಅಂಗಳದಲ್ಲಿತ್ತು. ನಸೀಮಾ ಅದರ ಕಡೆ ನೋಡದೆ, ಹನುಮವ್ವನ ಒಪ್ಪಿಗೆ ಕೇಳಿ ರಕ್ತ ತೆಗೆದು, ಐಸಿನಲ್ಲಿಟ್ಟುಕೊಂಡು ಹೊರಟಳು.

ಆಪರೇಷನ್ ದಿನ ಗುಳ್ಳೆಗೆ ಹುಳು ಸಾಯುವ ಔಷಧಿ ಹಾಕುವ ಮೊದಲೇ ತೆಗೆದ ನೀರಿನ ಹನಿಯಲ್ಲಿ ಹುಳುವಿನ ತಲೆಗಳು ಅಲುಗಾಡುತ್ತಿದ್ದುದನ್ನು ನಸೀಮಾ ಸೂಕ್ಷ್ಮದರ್ಶಕದಲ್ಲಿ ಕಂಡಳು. ಎಚ್ಚರಾದ ಮೇಲೆ ಹನುಮವ್ವ ಹಟ ಹಿಡಿದಳು: "ತೋರಸ್ರಿ. ಇಷ್ಟು ವರ್ಸ ಹೊಟ್ಯಾಗ ಇಟಗೊಂಡು ಸಾಕೀನಿ, ಅದರ ಮಾರಿ ನೋಡಬಾರದೇನು?" ಬಾಟಲಿಯಲ್ಲಿದ್ದ ಬಿಳಿ ಪೊರೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹಳಸಿದ ಗಂಜಿ ಕೆನಿ ಇದ್ದಂಗ ಐತಲ್ಲವ್ವಾ," ಎಂದಳು. ನಾನೂ ನಸೀಮಾಳೂ ಇಬ್ಬರೂ ಗೋಡೆ ಹಿಡಿದುಕೊಂಡೆವು.

ಆದರೆ ಹನುಮವ್ವನ ರಕ್ತದಲ್ಲಿ ಹುಳುವಿನ ಆರ್‌ಎನ್‌ಎ ಸಿಗಲಿಲ್ಲ. ಉಳಿದ ರೋಗಿಗಳದ್ದರಲ್ಲಿ ಸಿಕ್ಕಿತ್ತು. ನಸೀಮಾ ಮತ್ತೆ ಪರೀಕ್ಷಿಸಿದಳು, ಆಗಲೂ ಇಲ್ಲ. ಮಾರ್ಗದರ್ಶಕರು ಫೋನು ಮಾಡಿದಾಗ ನಾನು ಅಲ್ಲೇ ಕಾಯಿಪಲ್ಲೆ ಸೋಸುತ್ತಿದ್ದೆ, ಸ್ಪೀಕರಿನಲ್ಲಿ ಎಲ್ಲ ಕೇಳುತ್ತಿತ್ತು.

"ಅದೊಂದನ್ನು ಬಿಟ್ಟುಬಿಡಮ್ಮಾ. ದಾರಿಯಲ್ಲಿ ಕೆಟ್ಟುಹೋಯ್ತು ಅಂತ ಬರಿ."

"ಕೆಟ್ಟಿಲ್ಲ ಸರ್. ಹನುಮವ್ವನ ಸ್ವಂತ ಸಣ್ಣ ಆರ್‌ಎನ್‌ಎ ಎಲ್ಲಾ ಸರಿಯಾಗಿ ಸಿಕ್ಕಾವು. ಹುಳದ್ದಷ್ಟ ಸಿಕ್ಕಿಲ್ಲ."

"ಒಬ್ಬಳಿಗೋಸ್ಕರ ಇಷ್ಟು ವರ್ಷದ ಕೆಲಸ ಹಾಳು ಮಾಡ್ಕೋತೀಯಾ? ಎಲ್ಲರೂ ಬಿಡ್ತಾರೆ."

ಫೋನಿಟ್ಟ ನಸೀಮಾ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದಳು. ಬಂದು ಅಂದಳು: "ಅಕ್ಕಾ, ಆ ಗುಳ್ಳಿ ಕೊಯ್ಯುವಾಗೂ ಇಷ್ಟು ಹೇಸಿಗಿ ಬಂದಿದ್ದಿಲ್ರಿ. ನಾಳೆ ಯಾವುದಾರ ಆಸ್ಪತ್ರ್ಯಾಗ ಈ ಪರೀಕ್ಷಿ ನಂಬಿ, ನಿನಗೇನೂ ಇಲ್ಲವ್ವಾ, ಮನಿಗೆ ಹೋಗು ಅಂತ ಹನುಮವ್ವನಂಥಾಕಿನ್ನ ಕಳಿಸಿಬಿಟ್ರ?"

"ಈಗೇನು ಮಾಡ್ತಿ?"

"ಆಕಿನ್ನೂ ಸೇರಿಸೇ ಬರೀತೀನಿ."

ಬರೆದಳು. ಮಾರ್ಗದರ್ಶಕರು ಪ್ರಬಂಧಕ್ಕೆ ಸಹಿ ಮಾಡಲಿಲ್ಲ. ಅವರ ಪ್ರಯೋಗಾಲಯದ ಬಾಗಿಲೂ ಅವಳಿಗೆ ಮುಚ್ಚಿತು. ಆ ವರ್ಷವೇ ಕಾಲೇಜಿನಲ್ಲಿ ಅವಳ ಅತಿಥಿ ಉಪನ್ಯಾಸಕಿಯ ಕೆಲಸವೂ ಮುಗಿಯಿತು. ಕಲಬುರಗಿಯ ಒಂದು ರಕ್ತ ತಪಾಸಣೆ ಕೇಂದ್ರದಲ್ಲಿ ಕೆಲಸ ಸಿಕ್ಕಿತೆಂದು ಹೊರಟು ನಿಂತಳು. ಹೊರಡುವ ಮೊದಲು ತಳಕಲ್‌ಗೆ ಹೋಗಬೇಕೆಂದಳು.

ಹನುಮವ್ವ ಗಟ್ಟಿಯಾಗಿದ್ದಳು. ಚಹಾ ಕೊಟ್ಟು ಕೇಳಿದಳು: "ನನ್ನ ರಕ್ತದಾಗ ಏನ್ ಸಿಕ್ತವ್ವಾ?"

"ಏನೂ ಸಿಗಲಿಲ್ಲಬೇ. ಹುಳ ಇತ್ತು, ನನ್ನ ಪರೀಕ್ಷಿಗೆ ಸಿಗಲಿಲ್ಲ. ನೀವು ಮಾತ್ರ ಡಾಕ್ಟರ್ ಹೇಳಿದಾಗೆಲ್ಲ ಸ್ಕ್ಯಾನಿಂಗಿಗೆ ಹೋಗೂದು ಬಿಡಬ್ಯಾಡ್ರಿ."

ಹನುಮವ್ವ ಕೈಯನ್ನು ಸೆರಗಿಗೆ ಒರೆಸಿ, ಬಳೆಗಳನ್ನು ಮೇಲಕ್ಕೆ ಸರಿಸಿ, ತೋಳು ಚಾಚಿದಳು. "ಹಂಗಾರ ಇನ್ನೊಮ್ಮಿ ತಗಿ. ಹೋದ ಸಲ ಭಾಳ ಸ್ವಲ್ಪ ತಗದಿದ್ದಿ, ಅದಕ್ಕ ಸಿಕ್ಕಿಲ್ಲ."

ನಸೀಮಾಳ ಬಳಿ ಸೂಜಿ ಇರಲಿಲ್ಲ. ತೆಗೆದರೂ ಒಯ್ಯಲು ಒಂದು ಜಾಗ ಇರಲಿಲ್ಲ. ಅವಳು ಆ ತೋಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಬಳೆಗಳನ್ನು ಒಂದೊಂದಾಗಿ ಕೆಳಗಿಳಿಸಿದಳು.

"ಇವತ್ತು ಬ್ಯಾಡಬೇ," ಎಂದಳು.

ಸಂಜೆ ಕುಷ್ಟಗಿಯಲ್ಲಿ ಅವಳನ್ನು ಬಸ್ಸು ಹತ್ತಿಸಿದೆ. ಆಮೇಲೆ ನಾವು ಭೇಟಿಯಾಗಿಲ್ಲ. ಯಲಬುರ್ಗಾದ ಸಂತೆಯಲ್ಲಿ ಸಿಕ್ಕಾಗಲೆಲ್ಲ ಹನುಮವ್ವ ಕೇಳುತ್ತಾಳೆ: "ಆ ಹುಡುಗಿ ರಕ್ತ ತಗಿಯಾಕ ಯಾವಾಗ ಬರತಾಳಂತ?"