ಇಪೋ ಗೋಡೆಯ ಕ್ಯಾಚರ್

ಕೊರೋನಾ ನಿರ್ಬಂಧ ಸಡಿಲಿಸಿ, ರಾಜ್ಯದಿಂದ ರಾಜ್ಯಕ್ಕೆ ಮತ್ತೆ ಓಡಾಡಬಹುದೆಂದು ಸರ್ಕಾರ ಹೇಳಿದ ಮೊದಲ ಶನಿವಾರ ಬೆಳಿಗ್ಗೆ ಪುಚೊಂಗ್‌ನಿಂದ ಇಪೋಗೆ ಹೊರಟೆವು. ದೂರ ಇನ್ನೂರು ಕಿಲೋಮೀಟರ್ ಚಿಲ್ಲರೆ. ಕಾರು ನನ್ನದು, ಕೆಲಸ ಪಕ್ಕದ ಮನೆಯ ಫೆಲಿಕ್ಸ್ ಅಂಕಲ್‌ರದು.

ಅಂಕಲ್ ಮಂಗಳೂರಿನವರು. ಪ್ರಾಯದಲ್ಲಿ ಕಡಲು ದಾಟಿ ಇಪೋದ ತವರದ ಗಣಿ ಕಂಪನಿಯೊಂದಕ್ಕೆ ಗುಮಾಸ್ತರಾಗಿ ಬಂದು, ಅದರ ಬೇಸ್‌ಬಾಲ್ ತಂಡ ಸೇರಿ ಸಂಬಳಕ್ಕೆ ಆಡಿದವರು. ಅವರು ಕ್ಯಾಚರ್. ಬ್ಯಾಟ್ ಹಿಡಿದವನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ, ನಮ್ಮ ವಿಕೆಟ್‌ ಕೀಪರ್‌ನಂತೆ. ಮುಖಕ್ಕೆ ಮಾತ್ರ ಕಬ್ಬಿಣದ ಜಾಲರಿ. ಗಣಿ ಮುಚ್ಚಿದಾಗ ತಂಡವೂ ಹೋಯಿತು. ಈಗ ಆ ಹಳೆಯ ಕ್ಲಬ್‌ಹೌಸನ್ನು ಗಣಿ ಮಾಲೀಕರ ಮನೆಯವರು ಕಾಫಿ ಅಂಗಡಿ ಮಾಡಿ, ತಂಡದ ಗಣ್ಯ ಆಟಗಾರರ ಫೋಟೋಗಳನ್ನು ಗೋಡೆಗೆ ಹಾಕಿದ್ದರು. ವಾಟ್ಸ್ಯಾಪ್‌ನಲ್ಲಿ ಬಂದ ಆ ಗೋಡೆಯ ಚಿತ್ರದಲ್ಲಿ ಅಂಕಲ್ ತಮ್ಮನ್ನು ಗುರುತಿಸಿದರು. ಆದರೆ ಕೆಳಗಿನ ಹಿತ್ತಾಳೆ ಫಲಕದಲ್ಲಿದ್ದದ್ದು ಮಾಲೀಕರ ಭಾವಮೈದುನನ ಹೆಸರು.

ದಾರಿಯಲ್ಲಿ ತಾಪಾ ಎಂಬ ಊರಿನ ಹೆದ್ದಾರಿ ತಂಗುದಾಣದಲ್ಲಿ ನಿಂತೆವು. ಒಳಗೆ ಕೂರಲು ಸಾಲು ಉದ್ದವಿತ್ತು. ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನದ ನಾಸಿ ಲೆಮಾಕ್ ಕಟ್ಟಿಸಿಕೊಂಡು ಕಾರಿನಲ್ಲೇ ತಿಂದೆವು.

"ಆ ಭಾವಮೈದುನ ಬೆಂಚಿನಲ್ಲಿ ಕೂತು ಕಡಲೆ ತಿನ್ನುತ್ತಿದ್ದ ಮಾರಾಯ್ರೆ," ಎಂದರು ಅಂಕಲ್.

"ಆಂಟಿ ಏನಂದ್ರು?"

"ಲಿಲ್ಲಿಯಾ? ಈ ಪ್ರಾಯದಲ್ಲಿ ನಿಮ್ಮ ಮೋರೆ ಯಾರಿಗೆ ಬೇಕು ಅಂದಳು. ಮೋರೆ ಬೇಡ, ಹೆಸರು ಬೇಕು ಅಂದೆ."

ಇಪೋ ಹತ್ತಿರ ಸುಣ್ಣಕಲ್ಲಿನ ಗುಡ್ಡಗಳ ಮೇಲೆ ಮಳೆ ಸುರಿಯುತ್ತಿತ್ತು. ಅಂಗಡಿಯ ಬಾಗಿಲಲ್ಲಿ ಫೋನಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹಣೆಗೆ ಯಂತ್ರ ಹಿಡಿಸಿ ಜ್ವರ ನೋಡಿಸಿಕೊಂಡು ಒಳಗೆ ಹೋದೆವು. ಮ್ಯಾನೇಜರ್ ಮುರುಗನ್ ಮೂವತ್ತರ ಸುಮಾರಿನ ಮರ್ಯಾದಸ್ಥ. ವಿಷಯ ಕೇಳಿ ಫೋಟೋ ನೋಡಿದ.

"ಮುಖವೇ ಕಾಣಲ್ಲ ಲಾ, ಅಂಕಲ್. ಯಾರು ಬೇಕಾದರೂ ಆಗಿರಬಹುದು," ಎಂದ, ಇಲ್ಲಿಯವರು ಮಾತಿಗೆ ಸೇರಿಸುವ 'ಲಾ' ಬಿಡದೆ.

ಅಂಕಲ್ ಬಲಗೈ ಎತ್ತಿ ಫೋಟೋದ ಪಕ್ಕ ಹಿಡಿದರು. ಚಿತ್ರದ ಕ್ಯಾಚರ್ ಕೈಗವಸಿಲ್ಲದ ಬಲಗೈಯನ್ನು ಎತ್ತಿದ್ದ. ಉಂಗುರಬೆರಳು ಗೆಣ್ಣಿನಿಂದ ಹೊರಕ್ಕೆ ಸೊಟ್ಟಗಿತ್ತು. ಅಂಕಲ್‌ರದೂ ಹಾಗೆಯೇ, ಅದೇ ಗೆಣ್ಣಿನಲ್ಲಿ. "ಚೆಂಡು ಬಡಿದು ಮುರಿದದ್ದು. ಆದರೂ ಆ ದಿನ ಆಟ ಮುಗಿಯುವ ತನಕ ನಾನು ಜಾಗ ಬಿಟ್ಟು ಎದ್ದಿಲ್ಲ."

ಮುರುಗನ್ ಎರಡನ್ನೂ ನೋಡಿದ. ಫಲಕ ಬದಲಿಸಲು ಮಾಲೀಕರ ಮನೆಯವರನ್ನು ಕೇಳಬೇಕು, ಅವರು ಒಪ್ಪುವುದು ಕಷ್ಟ ಎಂದ. ಬೇಕಾದರೆ ಈಗಲೇ ಅಂಕಲ್‌ರದೊಂದು ಹೊಸ ಫೋಟೋ ತೆಗೆದು ಕೆಳಸಾಲಿಗೆ ಹಾಕಬಹುದು ಎಂದೂ ಹೇಳಿದ.

"ಕೆಳಸಾಲಿನಲ್ಲಿ ಕೂತು ನಗಲು ನಾನು ಬಂದದ್ದಲ್ಲ," ಎಂದ ಅಂಕಲ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಅದನ್ನು ಮನೆಯಿಂದಲೇ ತಂದಿದ್ದರೆಂದು ನನಗೆ ಗೊತ್ತಾದದ್ದು ಆಗ.

"ಅಂಕಲ್, ಮೇಲೆ ಕ್ಯಾಮೆರಾ ಇದೆ!" ಎಂದೆ.

"ಇದೆಯಾ?" ಅಂಕಲ್ ಮಾಸ್ಕ್ ಗಲ್ಲಕ್ಕೆ ಇಳಿಸಿ, ಕ್ಯಾಮೆರಾವನ್ನು ನೇರವಾಗಿ ನೋಡಿ, ತಮ್ಮ ಪೂರ್ತಿ ಹೆಸರು ಹೇಳಿದರು. ಆಮೇಲೆ ಮಾಸ್ಕ್ ಏರಿಸಿಕೊಂಡು ಫಲಕದ ಸ್ಕ್ರೂ ಬಿಚ್ಚಿದರು. ಫಲಕವನ್ನು ಮುರುಗನ್ ಕೈಗೇ ಕೊಟ್ಟರು. "ಇದು ಅವರದ್ದು. ಸ್ಕ್ರೂ ನನ್ನ ಹತ್ತಿರ ಇರಲಿ. ಸರಿಯಾದ ಹೆಸರು ಬರೆಸಿದ ಮೇಲೆ ಫೋನ್ ಮಾಡಿ, ಬಂದು ಹಾಕಿ ಕೊಡ್ತೇನೆ."

ಮುರುಗನ್ ತಡೆಯಲಿಲ್ಲ.

ಕಾರು ತಿರುಗಿಸುವಾಗ ಗಾಜಿನಾಚೆ ನೋಡಿದೆ. ಗೋಡೆಯಲ್ಲಿ ಈಗ ಹೆಸರಿಲ್ಲದ ಚಿತ್ರ ಅದೊಂದೇ ಆಗಿತ್ತು. ಕಾಫಿಗೆ ಕಾಯುತ್ತಿದ್ದವರು ಅದರ ಎದುರಿಗೇ ಬಂದು ನಿಂತಿದ್ದರು; ಒಬ್ಬಾಕೆ ಬೆರಳು ತೋರಿಸಿ ಮುರುಗನ್‌ನನ್ನು ಏನೋ ಕೇಳುತ್ತಿದ್ದಳು.